ಹಳೆ ಕಾರುಗಳ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬೋಲ್ಟ್ ಸಡಿಲವಾಗದಂತೆ ನೋಡಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಎಕ್ಸಾಸ್ಟ್ ಮ್ಯಾನಿಫೋಲ್ಡ್ ಅಂದರೆ ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸಿ ಸೈಲೆನ್ಸರ್ ಪೈಪಿಗೆ ಕಳಿಸುವ ಲೋಹದ ಕವಲು ಪೈಪ್. ಇಂಜಿನ್ನಿನ ಮೇಲ್ಭಾಗಕ್ಕೆ, ಅಂದರೆ ಹೆಡ್ಡಿಗೆ, ಅದನ್ನು ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಹಳೆ ಇಂಜಿನ್ ಇಟ್ಟುಕೊಂಡವರಿಗೆಲ್ಲ ಈ ಕಾಟ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಬಿಗಿ ಮಾಡಿದ ಬೋಲ್ಟ್ ಕೆಲವು ವಾರಕ್ಕೆ ಮತ್ತೆ ಕೈಯಲ್ಲೇ ತಿರುಗುತ್ತದೆ. ಇನ್ನೊಮ್ಮೆ ಬಿಗಿ ಮಾಡುತ್ತೀರಿ, ಮತ್ತೆ ಅದೇ ಕಥೆ. ಈ ಕೆಲಸವನ್ನು ನಾನು ಬಹಳ ಸಲ ಮಾಡಿದ್ದೇನೆ, ತಪ್ಪಾಗಿಯೂ ಮಾಡಿದ್ದೇನೆ. ಜನ ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ನನಗೆ ಗೊತ್ತಿರುವ ಉತ್ತರ ಇಲ್ಲಿದೆ.

ಸರಿಯಾಗಿ ಬಿಗಿ ಮಾಡಿದ ಬೋಲ್ಟ್ ತಾನಾಗಿಯೇ ಹೇಗೆ ಸಡಿಲವಾಗುತ್ತದೆ?

ಮೊದಲು ಬೋಲ್ಟ್ ಹೇಗೆ ಹಿಡಿಯುತ್ತದೆ ಅಂತ ನೋಡೋಣ. ಬೋಲ್ಟ್ ಅಂದರೆ ಒಂದು ಸ್ಪ್ರಿಂಗ್. ಬಿಗಿ ಮಾಡಿದಾಗ ಅದು ಚೂರು ಎಳೆದುಕೊಂಡು ಉದ್ದವಾಗುತ್ತದೆ. ಮತ್ತೆ ತನ್ನ ಅಳತೆಗೆ ಬರಲು ಅದು ಹಾಕುವ ಬಲವೇ ಹಿಡಿತ. ಈ ಎಳೆತ ಎಷ್ಟು ಸಣ್ಣದು ಗೊತ್ತೇ? ಎಂಟು ಮಿಲಿಮೀಟರ್ ಬೋಲ್ಟನ್ನು 25 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿದರೆ, ಅದು ಹಿಡಿದ ಭಾಗ 30 ಮಿಲಿಮೀಟರ್ ಉದ್ದ ಇದ್ದರೆ, ಸುಮಾರು 0.06 ಮಿಲಿಮೀಟರ್ ಅಷ್ಟೇ ಎಳೆಯುತ್ತದೆ. ತಲೆಗೂದಲ ದಪ್ಪದಷ್ಟು. ಹಿಡಿದ ಭಾಗ 12 ಮಿಲಿಮೀಟರ್ ಮಾತ್ರ ಇದ್ದರೆ 0.025.

ಈಗ ಯೋಚಿಸಿ. ಮ್ಯಾನಿಫೋಲ್ಡಿಗೂ ಹೆಡ್ಡಿಗೂ ನಡುವೆ ಸೋರದಂತೆ ಇಡುವ ಗ್ಯಾಸ್ಕೆಟ್ ಎಂಬ ಹಾಳೆ ಬಿಸಿಗೆ 0.03 ಮಿಲಿಮೀಟರ್ ಕುಗ್ಗಿತು ಅಂತಿಟ್ಟುಕೊಳ್ಳಿ. ಉದ್ದ ಬೋಲ್ಟಿನ ಹಿಡಿತದಲ್ಲಿ ಅರ್ಧ ಹೋಯಿತು. ಗಿಡ್ಡ ಬೋಲ್ಟಿನ ಹಿಡಿತ ಪೂರ್ತಿ ಹೋಯಿತು. ಬೋಲ್ಟ್ ಒಂದು ಡಿಗ್ರಿಯೂ ತಿರುಗಿಲ್ಲ, ಆದರೂ ಸಡಿಲ. ಬಹಳ ಜನ ಬೋಲ್ಟ್ ತಿರುಗಿ ಬಿಚ್ಚಿಕೊಂಡಿತು ಅಂದುಕೊಳ್ಳುತ್ತಾರೆ. ನಿಜದಲ್ಲಿ ಮೊದಲು ಹಿಡಿತ ಹೋಗುತ್ತದೆ, ತಿರುಗುವುದು ಆಮೇಲೆ.

ಹಿಡಿತ ಯಾಕೆ ಹೋಗುತ್ತದೆ? ಗ್ಯಾಸ್ಕೆಟ್ ಕುಗ್ಗುವುದು ಒಂದು. ಬಣ್ಣ, ತುಕ್ಕು, ಮಸಿ ನಡುವೆ ಸಿಕ್ಕಿಕೊಂಡು ಆಮೇಲೆ ಪುಡಿಯಾಗುವುದು ಇನ್ನೊಂದು. ಇಂಜಿನ್ ಬಿಸಿಯಾಗುವಾಗ ಮ್ಯಾನಿಫೋಲ್ಡಿನ ಫ್ಲಾಂಜ್ (ಬೋಲ್ಟ್ ತೂತುಗಳಿರುವ ಚಪ್ಪಟೆ ಅಂಚು) ಮೊದಲು ಬಿಸಿಯಾಗಿ ಉಬ್ಬುತ್ತದೆ. ಬೋಲ್ಟ್ ಇನ್ನೂ ತಣ್ಣಗಿರುತ್ತದೆ, ಅದರ ಬುಡ ನೀರು ಹರಿಯುವ ಹೆಡ್ಡಿನೊಳಗೆ ಇರುತ್ತದೆ. ಹಾಗಾಗಿ ಫ್ಲಾಂಜ್ ಬೋಲ್ಟನ್ನು ಇನ್ನಷ್ಟು ಎಳೆಯುತ್ತದೆ, ಗ್ಯಾಸ್ಕೆಟನ್ನು ಇನ್ನಷ್ಟು ಒತ್ತುತ್ತದೆ. ಒತ್ತಿದ್ದು ಒತ್ತಿದ ಹಾಗೇ ಉಳಿಯಿತು ಅಂದರೆ, ತಣ್ಣಗಾದ ಮೇಲೆ ಆ ಜಾಗ ಖಾಲಿ.

ಇನ್ನು ಅಡ್ಡ ಓಡಾಟ. ಬೀಡಿನ (ಎರಕದ ಕಬ್ಬಿಣದ) ಮ್ಯಾನಿಫೋಲ್ಡ್ ಅರ್ಧ ಮೀಟರ್ ಉದ್ದ ಇದೆ, 500 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಏರಿತು ಅಂದರೆ ಅದು ಎರಡೂ ಮುಕ್ಕಾಲು ಮಿಲಿಮೀಟರ್ ಬೆಳೆಯುತ್ತದೆ. ಅಲ್ಯೂಮಿನಿಯಂ ಹೆಡ್ ಬೀಡಿಗಿಂತ ಎರಡು ಪಟ್ಟು ಹಿಗ್ಗುವ ಲೋಹ. ಆದರೆ ಅದರ ಬಿಸಿ 80 ಡಿಗ್ರಿ ಮಾತ್ರ ಏರುವುದರಿಂದ ಒಂದು ಮಿಲಿಮೀಟರಿಗೂ ಕಡಿಮೆ ಬೆಳೆಯುತ್ತದೆ. ಉಳಿದ ವ್ಯತ್ಯಾಸವನ್ನೆಲ್ಲ ಫ್ಲಾಂಜ್ ಹೆಡ್ಡಿನ ಮೇಲೆ ಜಾರಿಕೊಂಡೇ ತೀರಿಸಬೇಕು. ಪ್ರತಿ ಸಲ ಗಾಡಿ ಬಿಸಿಯಾದಾಗ ಆ ಕಡೆ, ತಣ್ಣಗಾದಾಗ ಈ ಕಡೆ. ಅಡ್ಡ ಜಾರಾಟವೇ ಬೋಲ್ಟ್ ತಿರುಗಿ ಬಿಚ್ಚಿಕೊಳ್ಳಲು ದೊಡ್ಡ ಕಾರಣ ಅಂತ ಗೆರ್ಹಾರ್ಡ್ ಯುಂಕರ್ ಎಂಬ ಜರ್ಮನ್ ಇಂಜಿನಿಯರ್ 1969ರಲ್ಲಿ ತೋರಿಸಿದರು. ಬೋಲ್ಟನ್ನು ಉದ್ದಕ್ಕೆ ಎಳೆದು ಬಿಟ್ಟರೆ ಆಗುವುದಕ್ಕಿಂತ ಅಡ್ಡಕ್ಕೆ ಅಲ್ಲಾಡಿಸಿದರೆ ಆಗುವ ಹಾನಿ ಬಹಳ ಜಾಸ್ತಿ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ದಿನಾ ಅದನ್ನೇ ಮಾಡುತ್ತದೆ.

ಇಷ್ಟು ಗೊತ್ತಾದರೆ ಮುಂದಿನ ಉತ್ತರಗಳೆಲ್ಲ ಇದರ ಮೇಲೇ ನಿಂತಿವೆ ಅಂತ ಕಾಣುತ್ತದೆ. ತಿರುಗದಂತೆ ತಡೆಯುವುದು ಎರಡನೇ ಕೆಲಸ. ಹಿಡಿತ ಉಳಿಸಿಕೊಳ್ಳುವುದು ಮೊದಲನೇ ಕೆಲಸ.

ಬರುತ್ತಿರುವ ಟಿಕ್ ಟಿಕ್ ಸದ್ದು ವಾಲ್ವ್ ತಳ್ಳುವ ಟ್ಯಾಪೆಟ್‌ನದ್ದೋ, ಮ್ಯಾನಿಫೋಲ್ಡಿನದ್ದೋ?

ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಜೋರಾಗಿ ಇದ್ದು, ಹತ್ತು ನಿಮಿಷ ಓಡಿಸಿದ ಮೇಲೆ ಕಡಿಮೆಯಾದರೆ ಮ್ಯಾನಿಫೋಲ್ಡ್ ಮೇಲೆ ಅನುಮಾನ ಇಡಿ. ಬಿಸಿಗೆ ಲೋಹ ಉಬ್ಬಿ ಸಂದು ಮುಚ್ಚಿಕೊಳ್ಳುತ್ತದೆ. ಎಕ್ಸಿಲರೇಟರ್ ಒತ್ತಿ ಇಂಜಿನ್ ಮೇಲೆ ಭಾರ ಬಿದ್ದಾಗ ಸದ್ದು ಏರಿದರೂ ಅದೇ ಗುರುತು. ಟ್ಯಾಪೆಟ್ ಸದ್ದಿಗೆ ಭಾರದ ಹಂಗು ಅಷ್ಟಿಲ್ಲ.

ಲಯ ನೋಡಿ ಹೇಳುತ್ತೇನೆ ಅಂದರೆ ಕಷ್ಟ. ಒಂದು ಸಿಲಿಂಡರಿನ ಹೊಗೆ ಎರಡು ಸುತ್ತಿಗೆ ಒಮ್ಮೆ ಹೊರಬೀಳುತ್ತದೆ, ಟ್ಯಾಪೆಟ್ ಕೂಡ ಎರಡು ಸುತ್ತಿಗೆ ಒಮ್ಮೆಯೇ ಬಡಿಯುತ್ತದೆ. 800 ಸುತ್ತಿನ ಐಡಲ್‌ನಲ್ಲಿ ಎರಡೂ ನಿಮಿಷಕ್ಕೆ 400 ಸಲ. ಕಿವಿಗೆ ಒಂದೇ ಥರ ಕೇಳಿಸುತ್ತದೆ. ಅದಕ್ಕೆ ಒಂದು ಮೀಟರ್ ರಬ್ಬರ್ ಪೈಪ್ ತೆಗೆದುಕೊಂಡು, ಒಂದು ತುದಿ ಕಿವಿಯ ಹತ್ತಿರ ಇಟ್ಟು, ಇನ್ನೊಂದನ್ನು ಫ್ಲಾಂಜ್ ಉದ್ದಕ್ಕೂ ಓಡಿಸಿ. ಸೋರುವ ಜಾಗದಲ್ಲಿ ಚಟ್ ಚಟ್ ಅಂತ ಗಾಳಿಯ ಪೆಟ್ಟು ಕೇಳುತ್ತದೆ. ಫ್ಯಾನ್ ಮತ್ತು ಬೆಲ್ಟಿನಿಂದ ಪೈಪನ್ನೂ ಬಟ್ಟೆಯನ್ನೂ ದೂರ ಇಡಿ.

ಕಣ್ಣಿಗೂ ಗುರುತು ಸಿಗುತ್ತದೆ. ಸೋರುವ ಕಡೆ ಹೆಡ್ಡಿನ ಮೇಲೆ ಕಪ್ಪು ಅಥವಾ ಬೂದು ಮಸಿಯ ಗೆರೆ ಎಳೆದಂತೆ ಇರುತ್ತದೆ. ಇಂಜಿನ್ ತಣ್ಣಗಿದ್ದಾಗ ವ್ಯಾಕ್ಯೂಮ್ ಕ್ಲೀನರಿನ ಗಾಳಿ ಊದುವ ಬಾಯಿಯನ್ನು ಸೈಲೆನ್ಸರ್ ತುದಿಗೆ ಹಿಡಿದು, ಫ್ಲಾಂಜ್ ಮೇಲೆ ಸೋಪು ನೀರು ಚಿಮುಕಿಸಿದರೆ ಗುಳ್ಳೆ ಏಳುತ್ತದೆ. ನನಗೆ ಎಲ್ಲಕ್ಕಿಂತ ನಂಬಿಕೆ ಇರುವುದು ಈ ಸೋಪು ನೀರಿನ ಮೇಲೆಯೇ.

ಸ್ವಲ್ಪ ಸೋರಿದರೆ ಏನಾಯ್ತು, ಹಾಗೇ ಓಡಿಸಬಹುದಲ್ವಾ?

ಬೇಡ. ಮೊದಲ ಕಾರಣ ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಹಳೆ ಕಾರುಗಳಲ್ಲಿ ಇಂಜಿನ್ ಕೋಣೆಗೂ ಒಳಗಿನ ಸೀಟುಗಳಿಗೂ ನಡುವಿನ ತಗಡಿನಲ್ಲಿ ವೈರ್, ಕೇಬಲ್ ಹೋಗುವ ತೂತುಗಳ ರಬ್ಬರ್ ಒಡೆದಿರುತ್ತದೆ. ಹೀಟರ್ ಗಾಳಿ ಎಳೆಯುವ ಬಾಯಿ ಬೇರೆ ಅಲ್ಲೇ ಹತ್ತಿರ. ಓಡಿಸುವಾಗ ತಲೆನೋವು, ಮಂಪರು ಬಂದರೆ ಗಾಡಿ ನಿಲ್ಲಿಸಿ ಹೊರಗೆ ಬನ್ನಿ.

ಎರಡನೆಯದು, ಸೋರುವ ಬಿಸಿ ಹೊಗೆ ಹತ್ತಿರದ ವೈರ್, ಪ್ಲಗ್ ಕೇಬಲ್, ಪೆಟ್ರೋಲ್ ಪೈಪನ್ನು ಸುಡಬಹುದು. ಆಕ್ಸಿಜನ್ ಸೆನ್ಸರ್ ಇರುವ ಕಾರಾದರೆ, ಹೊಗೆಯ ಪ್ರತಿ ಪೆಟ್ಟಿನ ಹಿಂದೆ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಸೆನ್ಸರ್ ಪೆಟ್ರೋಲ್ ಸಾಲುತ್ತಿಲ್ಲ ಅಂತ ತಪ್ಪು ತಿಳಿಸಿ, ಇಂಜಿನ್ನಿನ ಕಂಪ್ಯೂಟರ್ ಜಾಸ್ತಿ ಸುರಿಸುವಂತೆ ಮಾಡುತ್ತದೆ. ಇದೆಲ್ಲದರ ಜೊತೆಗೆ, ಒಂದು ಬೋಲ್ಟ್ ಸಡಿಲವಾದರೆ ಅದರ ಪಾಲಿನ ಕೆಲಸ ಪಕ್ಕದ್ದರ ಮೇಲೆ ಬೀಳುತ್ತದೆ. ಆಮೇಲೆ ಅದೂ ಸಡಿಲ, ಇಲ್ಲವೇ ತುಂಡು.

ಸ್ಪ್ರಿಂಗ್ ವಾಷರ್ ಹಾಕಿದರೆ ಸಾಕಲ್ವಾ? ಮೊದಲಿಂದಲೂ ಅದೇ ಹಾಕುತ್ತಾ ಬಂದಿದ್ದೇವೆ.

ಸಾಲುವುದಿಲ್ಲ. ಒಂದು ಕಡೆ ಸೀಳಿದ ಆ ವಾಷರ್ ಬೋಲ್ಟ್ ಪೂರ್ತಿ ಬಿಗಿಯಾಗುವ ಮೊದಲೇ ಚಪ್ಪಟೆಯಾಗಿ ಮಲಗುತ್ತದೆ. ಅಲ್ಲಿಂದ ಮುಂದೆ ಅದು ಬರೀ ಒಂದು ಮಾಮೂಲಿ ವಾಷರ್. ಬೋಲ್ಟಿನ ಸಾವಿರಾರು ನ್ಯೂಟನ್ ಬಲದ ಮುಂದೆ ಅದರ ಸ್ಪ್ರಿಂಗ್ ಬಲ ಲೆಕ್ಕಕ್ಕೇ ಬರುವುದಿಲ್ಲ. ಅಮೆರಿಕದ ನಾಸಾ 1990ರಲ್ಲಿ ತನ್ನ ಇಂಜಿನಿಯರ್‌ಗಳಿಗೆ ಕೊಟ್ಟ ಬೋಲ್ಟ್ ಕೈಪಿಡಿಯಲ್ಲಿ, ಬಿಗಿಯಾಗಿ ಉಳಿಸುವ ಕೆಲಸಕ್ಕೆ ಈ ವಾಷರ್ ಪ್ರಯೋಜನವಿಲ್ಲ ಅಂತ ನೇರವಾಗಿ ಬರೆದಿದೆ. ಮ್ಯಾನಿಫೋಲ್ಡಿನ ಬಿಸಿಗೆ ಸಾಮಾನ್ಯ ಸ್ಪ್ರಿಂಗ್ ಸ್ಟೀಲಿನ ಬಿರುಸೂ ಇಳಿದುಹೋಗುತ್ತದೆ.

ಲಾಕ್‌ಟೈಟ್ ಥರದ ಥ್ರೆಡ್ ಅಂಟು?

ಸಾಮಾನ್ಯ ನೀಲಿ ಅಂಟು 150ರಿಂದ 180 ಡಿಗ್ರಿಯವರೆಗೆ ತಡೆಯುತ್ತದೆ. ಹೆಚ್ಚು ಬಿಸಿಗೆ ಅಂತಲೇ ಮಾಡಿದ್ದು 230ರ ಆಸುಪಾಸು. ಗಟ್ಟಿ ಅಂಟು ಹಾಕಿದ ಬೋಲ್ಟ್ ಬಿಚ್ಚಲು ತಯಾರಕರೇ ಹೇಳುವ ದಾರಿ 250 ಡಿಗ್ರಿಗೆ ಕಾಯಿಸಿ ಅಂತ. ಮ್ಯಾನಿಫೋಲ್ಡಿನ ಫ್ಲಾಂಜ್ ಆ ಬಿಸಿಯನ್ನು ಒಂದು ಏರು ಹತ್ತುವಷ್ಟರಲ್ಲಿ ಮುಟ್ಟಬಹುದು. ಹಾಗಾಗಿ ನಟ್ ಕಡೆಗೆ ಅಂಟು ಹಾಕುವುದು ಸುಮ್ನೆ ದಂಡ.

ಒಂದು ಕಡೆ ಮಾತ್ರ ಅದಕ್ಕೆ ಕೆಲಸ ಇದೆ. ಸ್ಟಡ್ (ತಲೆಯಿಲ್ಲದೆ ಎರಡೂ ತುದಿಗೆ ಥ್ರೆಡ್ ಇರುವ ಬೋಲ್ಟ್, ಒಂದು ತುದಿ ಹೆಡ್ಡಿಗೆ, ಇನ್ನೊಂದು ನಟ್ಟಿಗೆ) ಹೆಡ್ಡಿನೊಳಗೆ ಕೂರುವ ಕಡೆ. ಅಲ್ಲಿ ಪಕ್ಕದಲ್ಲೇ ನೀರು ಹರಿಯುವುದರಿಂದ ಬಿಸಿ ಕಡಿಮೆ.

ನೈಲಾನ್ ಇರುವ ಲಾಕ್ ನಟ್?

ಖಂಡಿತ ಬೇಡ. ನೈಲಾನ್ ಉಂಗುರ ಸುಮಾರು 120 ಡಿಗ್ರಿಯ ಮೇಲೆ ನಂಬಿಕೆಗೆ ಅರ್ಹವಲ್ಲ. ಇಲ್ಲಿ ಅದು ಕರಗಿಯೇ ಹೋಗುತ್ತದೆ.

ಹಾಗಾದರೆ ಏನು ಹಾಕಬೇಕು?

ಪೂರ್ತಿ ಲೋಹದ ಲಾಕ್ ನಟ್. ಇದರ ತುದಿಯನ್ನು ಚೂರು ಅಂಡಾಕಾರಕ್ಕೆ ಒತ್ತಿರುತ್ತಾರೆ, ಥ್ರೆಡ್ಡನ್ನು ಅಮುಕಿ ಹಿಡಿಯುತ್ತದೆ. ಬಹಳ ಯೂರೋಪಿಯನ್ ಕಾರುಗಳಲ್ಲಿ ಎಕ್ಸಾಸ್ಟ್‌ಗೆ ತಾಮ್ರದ ಲೇಪ ಇರುವ ಇಂಥ ನಟ್ಟನ್ನೇ ಹಾಕುತ್ತಾರೆ. ತಾಮ್ರ ಇರುವುದರಿಂದ ತುಕ್ಕು ಹಿಡಿದು ಸ್ಟಡ್ಡಿಗೆ ಕಚ್ಚಿಕೊಳ್ಳುವುದಿಲ್ಲ. ಇನ್ನೂ ಹಳೆ ಕಾರುಗಳಲ್ಲಿ ಉದ್ದನೆಯ ಹಿತ್ತಾಳೆ ನಟ್ ಕಾಣುತ್ತೀರಿ. ಅದೂ ಒಳ್ಳೆಯದೇ. ತನ್ನಷ್ಟಕ್ಕೆ ಲಾಕ್ ಆಗುವುದಿಲ್ಲ, ಆದರೆ ಹತ್ತು ವರ್ಷ ಆದ ಮೇಲೂ ಸ್ಟಡ್ ಮುರಿಯದೆ ಬಿಚ್ಚಿಬರುತ್ತದೆ.

ಹಠಮಾರಿ ಜಾಗಕ್ಕೆ ವೆಡ್ಜ್ ಲಾಕ್ ವಾಷರ್ ಇದೆ. ಎರಡು ವಾಷರ್ ಜೋಡಿಯಾಗಿ ಬರುತ್ತವೆ. ಒಳಮುಖದಲ್ಲಿ ಇಳಿಜಾರು ಹಲ್ಲು, ಹೊರಮುಖದಲ್ಲಿ ಸಣ್ಣ ಗೀರು. ಇಳಿಜಾರಿನ ಕೋನ ಥ್ರೆಡ್ಡಿನ ಕೋನಕ್ಕಿಂತ ಜಾಸ್ತಿ. ಬೋಲ್ಟ್ ಹಿಂದಕ್ಕೆ ತಿರುಗಲು ಹೋದರೆ ಇಳಿಜಾರು ಅದನ್ನು ಮೇಲಕ್ಕೆ ಎತ್ತಿ ಇನ್ನಷ್ಟು ಬಿಗಿಗೊಳಿಸುತ್ತದೆ. ಕೊಳ್ಳುವಾಗ ಎಷ್ಟು ಬಿಸಿಗೆ ಮಾಡಿದ್ದು ಅಂತ ಕೇಳಿ. ಎಲ್ಲ ಬಗೆಯವೂ ಎಕ್ಸಾಸ್ಟ್‌ಗೆ ಆಗಿಬರುವುದಿಲ್ಲ.

ಬೋಲ್ಟ್ ತಲೆಗೆ ಮಡಚುವ ಲಾಕ್ ತಗಡು, ತಂತಿ ಕಟ್ಟುವುದು, ಇವೆಲ್ಲ ಬೋಲ್ಟ್ ಕಳಚಿ ರಸ್ತೆಗೆ ಬೀಳದಂತೆ ತಡೆಯುತ್ತವೆ. ಹಿಡಿತ ಹೋದರೆ ಮರಳಿ ತರುವುದಿಲ್ಲ. ತಗಡು ದಪ್ಪ ಮತ್ತು ಮೆದು ಇದ್ದರೆ ಅದೇ ಬಿಸಿಗೆ ಕುಗ್ಗಿ ಹೊಸ ತೊಂದರೆ ತರುತ್ತದೆ.

ಉದ್ದ ಬೋಲ್ಟ್ ಹಾಕಿ ತಲೆಯ ಕೆಳಗೆ ತೋಳು (ಸ್ಲೀವ್) ಹಾಕುತ್ತಾರಲ್ಲ, ಅದರಿಂದ ಲಾಭ ಇದೆಯೇ?

ಇದೆ, ಬಹಳ ಇದೆ. ಎಲ್ಲ ಉಪಾಯಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದೇ. ಮೇಲೆ ಹೇಳಿದ ಲೆಕ್ಕ ನೆನಪಿಸಿಕೊಳ್ಳಿ. 10 ಮಿಲಿಮೀಟರ್ ಫ್ಲಾಂಜ್ ಹಿಡಿದ ಬೋಲ್ಟ್ ಚೂರೇ ಎಳೆದುಕೊಂಡಿರುತ್ತದೆ. ಅದರ ತಲೆಯ ಕೆಳಗೆ 20 ಅಥವಾ 25 ಮಿಲಿಮೀಟರ್ ಉದ್ದದ ದಪ್ಪಗೋಡೆಯ ಸ್ಟೀಲ್ ತೋಳು ಇಟ್ಟು, ಅಷ್ಟೇ ಉದ್ದ ಜಾಸ್ತಿ ಇರುವ ಬೋಲ್ಟ್ ಹಾಕಿ. ಅದೇ ಬಿಗಿಗೆ ಮೂರು ಪಟ್ಟು ಎಳೆತ. ಗ್ಯಾಸ್ಕೆಟ್ ಕುಗ್ಗಿದರೂ ಸಂಗ್ರಹದಲ್ಲಿ ಎಳೆತ ಉಳಿದಿರುತ್ತದೆ. ಅಡ್ಡ ಜಾರಾಟವನ್ನೂ ಉದ್ದ ಬೋಲ್ಟ್ ಬಾಗಿ ಸಹಿಸುತ್ತದೆ, ಗಿಡ್ಡದ್ದು ತಿರುಗಿ ಸಡಿಲವಾಗುತ್ತದೆ. ಬೋಲ್ಟಿನ ಹಿಡಿಯುವ ಉದ್ದ ಅದರ ದಪ್ಪದ ಐದು ಪಟ್ಟಾದರೂ ಇದ್ದರೆ ಸಡಿಲವಾಗುವ ಕಾಟ ತೀರಾ ಇಳಿಯುತ್ತದೆ. ಬೋಲ್ಟಿನ ತಲೆ ಬಿಸಿಯಿಂದ ದೂರ ಸರಿಯುವುದು ಇನ್ನೊಂದು ಅನುಕೂಲ.

ತೋಳಿನ ಎರಡೂ ತುದಿ ಲೇತಿನಲ್ಲಿ ನೇರವಾಗಿ ಕತ್ತರಿಸಿದ್ದಾಗಿರಬೇಕು. ಗರಗಸದಲ್ಲಿ ಓರೆಯಾಗಿ ಕೊಯ್ದ ಪೈಪ್ ತುಂಡು ಇಟ್ಟರೆ ಬೋಲ್ಟ್ ಬಾಗಿ ಮುರಿಯುತ್ತದೆ. ಪಾನಾ ಆಡಲು ಜಾಗ ಇದೆಯಾ, ಪ್ಲಗ್ ಕ್ಯಾಪಿಗೆ ತಾಗುತ್ತದಾ ಅಂತ ಮೊದಲೇ ಅಳೆದು ನೋಡಿ.

ಸ್ಟೇನ್‌ಲೆಸ್ ಬೋಲ್ಟ್ ಹಾಕಬಹುದಾ? ಅಥವಾ 10.9 ಹೈ ಟೆನ್ಸೈಲ್?

ಸ್ಟೇನ್‌ಲೆಸ್ ನೋಡಲು ಚೆಂದ, ತುಕ್ಕು ಹಿಡಿಯುವುದಿಲ್ಲ. ಆದರೆ ಸಾಮಾನ್ಯವಾಗಿ ಸಿಗುವ ಎ2 ಸ್ಟೇನ್‌ಲೆಸ್ ಬೀಡಿಗಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ. ಫ್ಲಾಂಜ್ ಮತ್ತು ಬೋಲ್ಟ್ ಒಂದೇ ಬಿಸಿಗೆ ಬಂದಾಗ ಬೋಲ್ಟ್ ಜಾಸ್ತಿ ಉದ್ದವಾಗಿ ಹಿಡಿತ ಬಿಡುತ್ತದೆ. ಸ್ಟೇನ್‌ಲೆಸ್ ನಟ್ ಸ್ಟೇನ್‌ಲೆಸ್ ಬೋಲ್ಟಿಗೆ ಒಣಗಿದ್ದಾಗ ಹಾಕಿದರೆ ಥ್ರೆಡ್ ಒಂದಕ್ಕೊಂದು ಕಚ್ಚಿ ಸಿಕ್ಕಿಹಾಕಿಕೊಳ್ಳುವ ಭಯವೂ ಇದೆ. ಹಾಕಲೇಬೇಕಾದರೆ ನಿಕಲ್ ಇರುವ ಆಂಟಿ ಸೀಜ್ (ಥ್ರೆಡ್ ಕಚ್ಚದಂತೆ ತಡೆಯುವ ಪೇಸ್ಟ್) ಸವರಿ.

10.9 ಅನ್ನುವುದು ಬೋಲ್ಟಿನ ಬಲದ ದರ್ಜೆ, ಅಂಕಿ ದೊಡ್ಡದಾದಷ್ಟು ಬಲ ಜಾಸ್ತಿ. ಅದು ಗಟ್ಟಿ, ನಿಜ. ಆ ಗಟ್ಟಿತನ ಹದ ಹಾಕಿದ್ದರಿಂದ ಬಂದದ್ದು. 300 ಡಿಗ್ರಿ ದಾಟಿ ದಿನಾ ಕಾದರೆ ಆ ಹದ ನಿಧಾನಕ್ಕೆ ಇಳಿಯುತ್ತದೆ. ಬಿಸಿ ಕೆಲಸಕ್ಕೆ ಅಂತಲೇ ಇರುವುದು ಕ್ರೋಮಿಯಂ ಮಾಲಿಬ್ಡಿನಂ ಸ್ಟೀಲಿನ ಸ್ಟಡ್. ಬಾಯ್ಲರ್ ಪೈಪಿನ ಕೆಲಸದವರು ಬಿ7 ಅಂತ ಕರೆಯುವುದು ಅದನ್ನೇ. ಸುಮಾರು 400 ಡಿಗ್ರಿಯವರೆಗೆ ತನ್ನ ಬಲ ಚೆನ್ನಾಗಿ ಉಳಿಸಿಕೊಳ್ಳುತ್ತದೆ. ನಿಮ್ಮ ಕಾರಿಗೆ ಕಂಪನಿಯ ಸ್ಟಡ್ ಇನ್ನೂ ಸಿಗುತ್ತಿದ್ದರೆ ಯೋಚನೆಯೇ ಬೇಡ, ಅದನ್ನೇ ತನ್ನಿ. ಅದರ ಲೋಹವನ್ನು ಈ ಕೆಲಸ ನೋಡಿಯೇ ಆರಿಸಿರುತ್ತಾರೆ.

ಬೋಲ್ಟ್ ಒಳ್ಳೆಯದೋ, ಸ್ಟಡ್ ಒಳ್ಳೆಯದೋ?

ಅಲ್ಯೂಮಿನಿಯಂ ಹೆಡ್ಡಿಗೆ ಸ್ಟಡ್. ಪ್ರತಿ ಸಲ ಬೋಲ್ಟ್ ಹಾಕಿ ತೆಗೆದರೆ ಮೆದು ಅಲ್ಯೂಮಿನಿಯಂ ಥ್ರೆಡ್ ಸವೆಯುತ್ತದೆ. ಸ್ಟಡ್ ಒಮ್ಮೆ ಕೂತರೆ ಸವೆತವೆಲ್ಲ ನಟ್ಟಿನ ಪಾಲಿಗೆ. ಸ್ಟಡ್ಡನ್ನು ತೂತಿನ ತಳಕ್ಕೆ ಬಡಿಯುವವರೆಗೆ ಜೋರಾಗಿ ತಿರುಗಿಸಬೇಡಿ, ಕೈಬಿಗಿಗಿಂತ ಸ್ವಲ್ಪ ಜಾಸ್ತಿ ಸಾಕು.

ಗ್ಯಾಸ್ಕೆಟ್ ಹೊಸದು ಹಾಕಿದೆ, ಆದರೂ ಸೋರುತ್ತಿದೆ. ಯಾಕೆ?

ಫ್ಲಾಂಜ್ ಸೊಟ್ಟಗಾಗಿರಬೇಕು. ವರ್ಷಗಟ್ಟಲೆ ಕಾದು ತಣಿದ ಬೀಡು ಬಾಗುತ್ತದೆ. ಸಾಮಾನ್ಯವಾಗಿ ಎರಡೂ ತುದಿ ಹೆಡ್ಡಿನಿಂದ ದೂರ ಸರಿದಿರುತ್ತವೆ. ಆ ಮ್ಯಾನಿಫೋಲ್ಡನ್ನು ಬೋಲ್ಟ್ ಬಲದಿಂದಲೇ ನೇರ ಮಾಡಲು ಹೊರಟರೆ, ಬೋಲ್ಟಿನ ಬಲವೆಲ್ಲ ಬೀಡನ್ನು ಬಗ್ಗಿಸುವುದಕ್ಕೇ ಹೋಗುತ್ತದೆ. ಗ್ಯಾಸ್ಕೆಟ್ ಒತ್ತಲು ಉಳಿಯುವುದಿಲ್ಲ. ಕೊನೆಯ ಬೋಲ್ಟೇ ಯಾವಾಗಲೂ ಮುರಿಯುವುದಕ್ಕೆ, ಕೊನೆಯದೇ ಯಾವಾಗಲೂ ಸಡಿಲವಾಗುವುದಕ್ಕೆ ಇದು ದೊಡ್ಡ ಕಾರಣ.

ನೇರವಾದ ಸ್ಟೀಲ್ ಪಟ್ಟಿಯನ್ನು ಹೊಗೆ ಹಾಯುವ ಎಲ್ಲ ಪೋರ್ಟ್‌ಗಳ ಮೇಲೆ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳು) ತೂರಿಸಿ ನೋಡಿ. ನಿಮ್ಮ ಇಂಜಿನ್ನಿನ ಕೈಪಿಡಿಯಲ್ಲಿ ಮಿತಿ ಕೊಟ್ಟಿದ್ದರೆ ಅದನ್ನು ಅನುಸರಿಸಿ. 0.2 ಮಿಲಿಮೀಟರ್ ಎಲೆ ಸಲೀಸಾಗಿ ಒಳಹೋದರೆ ನಾನಂತೂ ಅದನ್ನು ಹಾಗೇ ಹಾಕುವುದಿಲ್ಲ, ಮೆಷಿನ್ ಶಾಪಿಗೆ ಕೊಟ್ಟು ಮುಖ ಸಮ ಮಾಡಿಸುತ್ತೇನೆ. ಎಲ್ಲ ಪೋರ್ಟ್‌ಗಳೂ ಒಂದೇ ಸಲ ಒಂದೇ ಮಟ್ಟಕ್ಕೆ ಬರಬೇಕು. ಒಂದೊಂದನ್ನೇ ಎಮರಿ ಪೇಪರಿನಲ್ಲಿ ಉಜ್ಜಿದರೆ ಒಂದೊಂದು ಒಂದೊಂದು ಎತ್ತರಕ್ಕೆ ಬರುತ್ತದೆ. ಹೆಡ್ಡಿನ ಮುಖವನ್ನೂ ಪಟ್ಟಿ ಇಟ್ಟು ನೋಡಿ, ಬಹಳ ಜನ ಅದನ್ನು ಮರೆಯುತ್ತಾರೆ.

ಸಮ ಮಾಡಿಸಿ ತಂದ ಮೇಲೆ ತೂತುಗಳನ್ನು ಗಮನಿಸಿ. ತುದಿಗಳ ತೂತು ದೊಡ್ಡದಾಗಿ ಅಥವಾ ಅಂಡಾಕಾರವಾಗಿ ಇರುತ್ತದೆ. ಅದು ಸವೆದದ್ದಲ್ಲ, ಮ್ಯಾನಿಫೋಲ್ಡ್ ಉದ್ದಕ್ಕೆ ಬೆಳೆಯಲು ಬೇಕೆಂದೇ ಬಿಟ್ಟ ಜಾಗ. ಅಲ್ಲಿ ಸ್ಟಡ್ ಒಂದು ಬದಿಗೆ ತಾಗಿ ನಿಂತಿದ್ದರೆ ಪ್ರತಿ ಸಲ ಬಿಸಿಯಾದಾಗ ಮ್ಯಾನಿಫೋಲ್ಡ್ ಸ್ಟಡ್ಡನ್ನು ಅಡ್ಡಕ್ಕೆ ತಳ್ಳುತ್ತದೆ. ತೂತನ್ನು ರೌಂಡ್ ಫೈಲಿನಿಂದ ಸ್ವಲ್ಪ ಉಜ್ಜಿ ಜಾಗ ಮಾಡಿಕೊಡಿ.

ಹಳೆ ಗ್ಯಾಸ್ಕೆಟ್ ತೆಗೆಯುವಾಗ ಏನಾದರೂ ಎಚ್ಚರಿಕೆ?

ಇದೆ, ಇದನ್ನು ದಯವಿಟ್ಟು ಓದಿ. ಹಳೆ ಕಾಲದ ಎಕ್ಸಾಸ್ಟ್ ಗ್ಯಾಸ್ಕೆಟ್‌ಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಪುಡಿ ಶ್ವಾಸಕೋಶಕ್ಕೆ ಹೋದರೆ ದಶಕಗಳಾದ ಮೇಲೂ ಕ್ಯಾನ್ಸರ್ ತರಬಲ್ಲದು. ಬೂದು ಬಣ್ಣದ, ನಾರುನಾರಾದ ಹಳೆ ಗ್ಯಾಸ್ಕೆಟ್ ಕಂಡರೆ ಕಲ್ನಾರೇ ಇದೆ ಅಂತ ತಿಳಿದು ನಡೆದುಕೊಳ್ಳಿ. ನೀರಿನಿಂದ ಚೆನ್ನಾಗಿ ನೆನೆಸಿ, ಕೈಯಿಂದ ನಿಧಾನಕ್ಕೆ ಕೆರೆಯಿರಿ. ಸರಿಯಾದ ಮಾಸ್ಕ್ ಹಾಕಿಕೊಳ್ಳಿ. ಡ್ರಿಲ್ಲಿಗೆ ತಂತಿ ಬ್ರಷ್ ಸಿಕ್ಕಿಸಿ ಒಣಗಿದ್ದನ್ನು ಉಜ್ಜಬೇಡಿ, ಗಾಳಿ ಹೊಡೆದು ಹಾರಿಸಬೇಡಿ.

ಗ್ಯಾಸ್ಕೆಟ್ ಯಾವುದು ಒಳ್ಳೆಯದು?

ಕುಗ್ಗುವುದು ಕಡಿಮೆ ಇರುವುದೇ ಒಳ್ಳೆಯದು. ಮುಖ ಸಮ ಇದ್ದರೆ ಸ್ಟೀಲ್ ಪದರಗಳದ್ದು. ಸಣ್ಣ ಏರುತಗ್ಗು ಇದ್ದರೆ ಸ್ಟೀಲ್ ಹಾಳೆಯ ಮೇಲೆ ಗ್ರಾಫೈಟ್ ಇರುವುದು. ಮೆತ್ತನೆಯ ದಪ್ಪ ಗ್ಯಾಸ್ಕೆಟ್ ಎಲ್ಲ ದೋಷ ಮುಚ್ಚುತ್ತದೆ ಅನ್ನಿಸುತ್ತದೆ, ಆದರೆ ಅದೇ ಜಾಸ್ತಿ ಕುಗ್ಗುತ್ತದೆ. ಎರಡು ಗ್ಯಾಸ್ಕೆಟ್ ಒಂದರ ಮೇಲೊಂದು ಹಾಕುವುದು ತೊಂದರೆಯನ್ನು ಎರಡು ಪಟ್ಟು ಮಾಡಿದಂತೆ. ಕೆಲವು ಹಳೆ ಇಂಜಿನ್ನುಗಳಿಗೆ ಕಾರ್ಖಾನೆಯಲ್ಲೇ ಗ್ಯಾಸ್ಕೆಟ್ ಹಾಕದೆ ಬೀಡಿಗೆ ಬೀಡು ಕೂರಿಸಿರುತ್ತಿದ್ದರು. ಎರಡೂ ಮುಖ ಸಮ ಇದ್ದರೆ ಅದು ಕೆಲಸ ಮಾಡುತ್ತದೆ. ಕುಗ್ಗುವುದಕ್ಕೆ ನಡುವೆ ಏನೂ ಇಲ್ಲವಲ್ಲ.

ಎಷ್ಟು ಬಿಗಿ ಮಾಡಬೇಕು? ಯಾವ ಕ್ರಮದಲ್ಲಿ?

ನಿಮ್ಮ ಇಂಜಿನ್ನಿನ ಸರ್ವಿಸ್ ಕೈಪಿಡಿ ಹೇಳಿದಷ್ಟು. ಅಂದಾಜಿಗೆ ಹೇಳುವುದಾದರೆ ಎಂ8ಕ್ಕೆ (ಎಂಟು ಮಿಲಿಮೀಟರ್ ಬೋಲ್ಟಿಗೆ) 20ರಿಂದ 25 ನ್ಯೂಟನ್ ಮೀಟರ್, ಎಂ10ಕ್ಕೆ 40ರ ಆಸುಪಾಸು. ಇಷ್ಟೇನಾ ಅನ್ನಿಸುತ್ತದೆ. ಉದ್ದ ಪಾನಾ ಹಿಡಿದ ಕೈಗೆ 25 ನ್ಯೂಟನ್ ಮೀಟರ್ ಏನೂ ಅಲ್ಲ. ಅದಕ್ಕೇ ತಿರುಗಿಸುವ ಬಲ ಅಳೆಯುವ ಟಾರ್ಕ್ ರಿಂಚ್ ಬೇಕು.

ಥ್ರೆಡ್ ಮೊದಲು ಶುಚಿ ಮಾಡಿ. ತುಕ್ಕು ಹಿಡಿದ ಥ್ರೆಡ್ಡಿನಲ್ಲಿ ನಿಮ್ಮ ಬಲವೆಲ್ಲ ತಿಕ್ಕಾಟಕ್ಕೇ ಹೋಗುತ್ತದೆ. ರಿಂಚ್ ಕಟಕ್ ಅಂದರೂ ಬೋಲ್ಟ್ ಎಳೆದಿರುವುದಿಲ್ಲ. ಆಂಟಿ ಸೀಜ್ ಸವರಿದರೆ ಇದು ತಿರುಗುಮುರುಗು. ತಿಕ್ಕಾಟ ಕಡಿಮೆ, ಅದೇ ಟಾರ್ಕಿಗೆ ಬೋಲ್ಟ್ ಜಾಸ್ತಿ ಎಳೆಯುತ್ತದೆ. ಒಣ ಥ್ರೆಡ್ಡಿಗೆ ಕೊಟ್ಟ 25ನ್ನು ಆಂಟಿ ಸೀಜ್ ಹಚ್ಚಿದ ಎಂ8ಕ್ಕೆ ಹಾಕಿದರೆ 8.8 ಬೋಲ್ಟ್ ತನ್ನ ಮಿತಿಯ ಹತ್ತಿರ ಹೋಗುತ್ತದೆ. ಕೈಪಿಡಿಯ ಅಂಕಿ ಒಣ ಥ್ರೆಡ್ಡಿಗಾದರೆ ಕಾಲು ಭಾಗ ಇಳಿಸಿಕೊಳ್ಳಿ. ಲೋಹದ ಲಾಕ್ ನಟ್ ಆದರೆ, ಅದು ಇನ್ನೂ ಫ್ಲಾಂಜಿಗೆ ತಾಗದೆ ಬರೀ ಸ್ಟಡ್ ಮೇಲೆ ತಿರುಗಲು ಎಷ್ಟು ಟಾರ್ಕ್ ಕೇಳುತ್ತದೆ ನೋಡಿ, ಅದನ್ನು ಮೇಲೆ ಸೇರಿಸಿ.

ಕ್ರಮ ಅಂದರೆ ನಡುವಿನಿಂದ ಹೊರಗಡೆಗೆ. ಮೊದಲು ಎಲ್ಲವನ್ನೂ ಕೈಯಲ್ಲಿ ಕೂರಿಸಿ, ಆಮೇಲೆ ಅರ್ಧ ಬಿಗಿಗೆ ಒಂದು ಸುತ್ತು, ಪೂರ್ತಿಗೆ ಒಂದು ಸುತ್ತು, ಮತ್ತೆ ಅದೇ ಅಂಕಿಗೆ ಇನ್ನೊಂದು ಸುತ್ತು. ಈ ಕೊನೆಯ ಸುತ್ತಿನಲ್ಲಿ ಮೊದಲು ಬಿಗಿ ಮಾಡಿದ ನಡುವಿನ ನಟ್‌ಗಳು ಇನ್ನೂ ಸ್ವಲ್ಪ ತಿರುಗುತ್ತವೆ. ತುದಿಯವನ್ನು ಮೊದಲು ಬಿಗಿದರೆ ಮ್ಯಾನಿಫೋಲ್ಡ್ ಬೆಳೆಯಲು ದಾರಿ ಇಲ್ಲದೆ ನಡುವೆ ಉಬ್ಬುತ್ತದೆ.

ಮತ್ತೆ ಯಾವಾಗ ಬಿಗಿ ಮಾಡಬೇಕು? ಬಿಸಿ ಇದ್ದಾಗಲೋ, ತಣ್ಣಗಾದ ಮೇಲೋ?

ತಣ್ಣಗಾದ ಮೇಲೆ. ರಾತ್ರಿಯಿಡೀ ನಿಂತ ಗಾಡಿಯಾದರೆ ಒಳ್ಳೆಯದು. ಟಾರ್ಕ್ ಅಂಕಿ ಕೊಟ್ಟಿರುವುದೇ ತಣ್ಣನೆ ಇಂಜಿನ್ನಿಗೆ. ಬಿಸಿ ಅಲ್ಯೂಮಿನಿಯಂ ಇನ್ನೂ ಮೆದು, ಥ್ರೆಡ್ ಕಿತ್ತು ಬರಬಹುದು. ಕೈ ಸುಡುವುದಂತೂ ಖಚಿತ.

ಮೊದಲ ಸಲ ಚೆನ್ನಾಗಿ ಬಿಸಿ ಮಾಡಿ ತಣಿಸಿದ ಮೇಲೆ ಒಂದು ಸುತ್ತು ನೋಡಿ. ಸುಮಾರು ನೂರು ಕಿಲೋಮೀಟರ್ ಆದ ಮೇಲೆ ಇನ್ನೊಂದು, ಐನೂರಕ್ಕೆ ಮತ್ತೊಂದು. ಗ್ಯಾಸ್ಕೆಟ್ ಕುಗ್ಗುವುದೆಲ್ಲ ಹೆಚ್ಚಾಗಿ ಈ ಮೊದಲ ದಿನಗಳಲ್ಲೇ. ಈ ಮೂರು ಸುತ್ತನ್ನು ಜನ ಬಿಟ್ಟುಬಿಡುತ್ತಾರೆ, ಅಲ್ಲಿಂದಲೇ ತೊಂದರೆ ಶುರು. ಐನೂರರ ಮೇಲೂ ಅದೇ ಬೋಲ್ಟ್ ಮತ್ತೆ ಮತ್ತೆ ತಿರುಗುತ್ತಿದ್ದರೆ ಬಿಗಿ ಮಾಡುವುದನ್ನು ನಿಲ್ಲಿಸಿ. ಕಾರಣ ಬೇರೆ ಕಡೆ ಇದೆ.

ಬಿಗಿ ಮಾಡಿದ ಮೇಲೆ ನಟ್ ಮೇಲಿಂದ ಫ್ಲಾಂಜಿನವರೆಗೆ ಬಿಸಿ ತಡೆಯುವ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ನಟ್ ತಿರುಗಿದೆ. ಗೆರೆ ನೇರ ಇದ್ದೂ ರಿಂಚಿಗೆ ಸಡಿಲ ಸಿಕ್ಕರೆ ಗ್ಯಾಸ್ಕೆಟ್ ಕುಗ್ಗಿದೆ. ಎರಡಕ್ಕೂ ಮದ್ದು ಬೇರೆ ಬೇರೆ.

ಒಂದೇ ಬೋಲ್ಟ್ ಪದೇ ಪದೇ ಸಡಿಲ. ಎಲ್ಲ ಮಾಡಿ ನೋಡಿದೆ. ಇನ್ನೇನು?

ಬೋಲ್ಟ್ ಬಿಡಿ, ಕಾರಿನ ಕೆಳಗೆ ಹೋಗಿ. ನನ್ನ ಒಂದು ಹಳೆ ಕಾರಿನಲ್ಲಿ ಹಿಂದಿನ ಸಿಲಿಂಡರಿನ ಕೊನೆ ನಟ್ ಮೂರು ಸಲ ಸಡಿಲವಾಯಿತು. ಹೊಸ ಸ್ಟಡ್, ಹೊಸ ನಟ್, ಹೊಸ ಗ್ಯಾಸ್ಕೆಟ್ ಎಲ್ಲ ಆಯಿತು. ನಾಲ್ಕನೇ ಸಲ ಕೆಳಗೆ ಮಲಗಿ ನೋಡಿದೆ. ಸೈಲೆನ್ಸರ್ ಪೈಪನ್ನು ಗೇರ್‌ಬಾಕ್ಸಿಗೆ ಹಿಡಿಸುವ ಬ್ರಾಕೆಟ್ ಇರಲೇ ಇಲ್ಲ. ಯಾವುದೋ ಕಾಲದಲ್ಲಿ ಗೇರ್‌ಬಾಕ್ಸ್ ಇಳಿಸಿದವರು ಮತ್ತೆ ಹಾಕಿರಲಿಲ್ಲ. ಅಷ್ಟುದ್ದದ ಪೈಪಿನ ಭಾರ, ಅಲ್ಲಾಟ ಎಲ್ಲ ಆ ಒಂದು ನಟ್ ಮೇಲೆ ಬರುತ್ತಿತ್ತು. ಬ್ರಾಕೆಟ್ ಹಾಕಿದೆ, ಆಮೇಲೆ ಅದನ್ನು ಮುಟ್ಟುವ ಕೆಲಸ ಬರಲಿಲ್ಲ.

ಹಾಗಾಗಿ ನೋಡಬೇಕಾದದ್ದು: ಪೈಪ್ ನೇತುಹಾಕುವ ರಬ್ಬರ್‌ಗಳು, ಬ್ರಾಕೆಟ್‌ಗಳು, ಇಂಜಿನ್ ಮೌಂಟಿಂಗ್ ರಬ್ಬರ್. ಮೌಂಟಿಂಗ್ ಹರಿದಿದ್ದರೆ ಕ್ಲಚ್ ಬಿಡುವಾಗೆಲ್ಲ ಇಂಜಿನ್ ವಾಲುತ್ತದೆ, ಬಾಡಿಗೆ ಕಟ್ಟಿದ ಪೈಪ್ ವಾಲುವುದಿಲ್ಲ. ಎಳೆದಾಟವೆಲ್ಲ ಮ್ಯಾನಿಫೋಲ್ಡಿಗೆ. ಇಂಜಿನ್ ಅಡ್ಡ ಕೂತಿರುವ ಕಾರುಗಳಲ್ಲಿ ಇದು ಇನ್ನೂ ಜಾಸ್ತಿ. ಅಲ್ಲಿ ಪೈಪಿನ ನಡುವೆ ಬಳುಕುವ ಜಾಯಿಂಟ್ ಇದ್ದರೆ ಅದು ಗಟ್ಟಿಯಾಗಿ ಹಿಡಿದುಕೊಂಡಿಲ್ಲವೇ ನೋಡಿ. ಜೋಡಿಸುವಾಗಲೂ ಅಷ್ಟೇ. ಮೊದಲು ಮ್ಯಾನಿಫೋಲ್ಡ್ ಬಿಗಿ ಮಾಡಿ, ಪೈಪನ್ನು ಬಲವಂತ ಇಲ್ಲದೆ ಕೂರಿಸಿ, ಹ್ಯಾಂಗರ್‌ಗಳನ್ನು ಕೊನೆಗೆ ಬಿಗಿ ಮಾಡಿ. ಪೈಪನ್ನು ಎಳೆದು ತಂದು ಸೇರಿಸಿದರೆ ಆ ಎಳೆತ ಶಾಶ್ವತವಾಗಿ ಅಲ್ಲೇ ಉಳಿಯುತ್ತದೆ.

ನನ್ನ ಇಂಜಿನ್‌ನಲ್ಲಿ ಇನ್‌ಲೆಟ್ ಮತ್ತು ಎಕ್ಸಾಸ್ಟ್ ಎರಡನ್ನೂ ಒಂದೇ ಸ್ಟಡ್ ಹಿಡಿದಿದೆ. ಅದರಲ್ಲಿ ವಿಶೇಷ ಏನಾದರೂ ಇದೆಯೇ?

ಮಿನಿ, ಮೋರಿಸ್ ಮೈನರ್ ಕಾರುಗಳ ಎ ಸೀರೀಸ್ ಇಂಜಿನ್ ಹೀಗೇ ಇರುತ್ತದೆ. ಒಂದು ದೊಡ್ಡ ದಪ್ಪ ವಾಷರ್ ಅರ್ಧ ಇನ್‌ಲೆಟ್ ಫ್ಲಾಂಜ್ ಮೇಲೆ, ಅರ್ಧ ಎಕ್ಸಾಸ್ಟ್ ಫ್ಲಾಂಜ್ ಮೇಲೆ ಕೂರುತ್ತದೆ. ಎರಡು ಫ್ಲಾಂಜ್‌ಗಳ ದಪ್ಪ ಒಂದೇ ಇರಬೇಕು. ಬೇರೆ ಇನ್‌ಲೆಟ್ ಅಥವಾ ಟ್ಯೂಬಿನ ಹೆಡರ್ (ಪೈಪುಗಳಿಂದ ಮಾಡಿದ ಎಕ್ಸಾಸ್ಟ್ ಮ್ಯಾನಿಫೋಲ್ಡ್) ತಂದು ಹಾಕಿದಾಗ, ಇಲ್ಲವೇ ಒಂದನ್ನು ಮಾತ್ರ ಸಮ ಮಾಡಿಸಿದಾಗ ದಪ್ಪ ತಪ್ಪುತ್ತದೆ. ವಾಷರ್ ಓರೆಯಾಗಿ ದಪ್ಪ ಇರುವುದನ್ನು ಮಾತ್ರ ಒತ್ತುತ್ತದೆ, ಇನ್ನೊಂದು ಸೋರುತ್ತದೆ. ಕ್ಯಾಲಿಪರಿನಲ್ಲಿ ಅಳೆದು ದಪ್ಪ ಇರುವುದನ್ನು ಇಳಿಸಿ, ಅಥವಾ ವಾಷರಿನ ಅರ್ಧಭಾಗವನ್ನು ಮೆಟ್ಟಿಲಿನಂತೆ ಮಿಲ್ಲಿಂಗ್ ಮಾಡಿಸಿ. ಬಾಗಿದ ಹಳೆ ವಾಷರ್ ಎಸೆಯಿರಿ.

ಎಕ್ಸಾಸ್ಟಿಗೆ ಬಿಸಿ ಪಟ್ಟಿ ಸುತ್ತಬಹುದೇ?

ಬೀಡಿನ ಮ್ಯಾನಿಫೋಲ್ಡಿಗೆ ಬೇಡ. ಪಟ್ಟಿ ಬಿಸಿಯನ್ನು ಒಳಗೇ ಹಿಡಿದಿಡುತ್ತದೆ, ಲೋಹ ಇನ್ನೂ ಕಾದು ಇನ್ನೂ ಬೆಳೆಯುತ್ತದೆ. ಬಾಗುವುದೂ ಬಿರುಕು ಬಿಡುವುದೂ ಜಾಸ್ತಿ. ಕಂಪನಿ ಕೊಟ್ಟ ತಗಡಿನ ಹೀಟ್ ಶೀಲ್ಡ್ ಇದ್ದರೆ ಅದನ್ನು ಕಳೆಯಬೇಡಿ.

ಬಿಚ್ಚುವಾಗಲೇ ಬೋಲ್ಟ್ ಮುರಿಯುವ ಭಯ. ಏನು ಮಾಡಲಿ?

ಅವಸರ ಬೇಡ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿ, ರಾತ್ರಿಯಿಡೀ ಬಿಡಿ. ಆರು ಮೂಲೆಯ ಸಾಕೆಟ್ ಬಳಸಿ, ಹನ್ನೆರಡು ಮೂಲೆಯದು ತುಕ್ಕು ತಿಂದ ತಲೆಯನ್ನು ಸವರಿಬಿಡುತ್ತದೆ. ಮೊದಲು ಕೂದಲೆಳೆಯಷ್ಟು ಬಿಗಿ ಕಡೆಗೆ ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ. ಹಿಂದೆ ಮುಂದೆ ಆಡಿಸುತ್ತಾ ಬನ್ನಿ. ಬೋಲ್ಟ್ ರಬ್ಬರಿನಂತೆ ತಿರುಚುತ್ತಿದೆ, ತಲೆ ತಿರುಗಿದರೂ ಬುಡ ಬರುತ್ತಿಲ್ಲ ಅನ್ನಿಸಿದರೆ ತಕ್ಷಣ ಕೈ ನಿಲ್ಲಿಸಿ. ಮುರಿಯುವ ಮೊದಲಿನ ಸೂಚನೆ ಅದು. ಅಲ್ಲಿ ಕಾಯಿಸಬೇಕು. ಹಾಕಿದ ಎಣ್ಣೆಯನ್ನು ಮೊದಲು ಒರೆಸಿ, ಪೆಟ್ರೋಲ್ ಪೈಪ್, ಕಾರ್ಬುರೇಟರ್ ಹತ್ತಿರ ಇದ್ದರೆ ತೆಗೆದಿಟ್ಟು ಆಮೇಲೆ ಬೆಂಕಿ.

ಮುರಿದೇ ಹೋಯಿತು, ತುಂಡು ಹೊರಗೆ ಕಾಣುತ್ತಿದೆ ಅಂದರೆ ಅದರ ಮೇಲೆ ಒಂದು ನಟ್ ಇಟ್ಟು ನಟ್ಟಿನ ತೂತಿನ ಒಳಗಿನಿಂದ ವೆಲ್ಡ್ ಮಾಡಿಸಿ. ವೆಲ್ಡಿಂಗಿನ ಬಿಸಿಗೇ ತುಕ್ಕು ಸಡಿಲವಾಗಿ ಎಷ್ಟೋ ಸಲ ಸುಲಭಕ್ಕೆ ತಿರುಗಿ ಬರುತ್ತದೆ. ಒಳಗೇ ಮುರಿದಿದ್ದರೆ ನಡುಮಧ್ಯಕ್ಕೆ ಗುರುತು ಹಾಕಿ ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಬಳಸಿ. ಸುರುಳಿ ಎಕ್ಸ್‌ಟ್ರಾಕ್ಟರ್ ಬಗ್ಗೆ ನನಗೆ ಭಯ ಇದೆ. ಅದು ಗಡಸು ಲೋಹ. ಒಳಗೆ ಮುರಿದರೆ ಮಾಮೂಲಿ ಡ್ರಿಲ್ ಅದನ್ನು ಕೊರೆಯುವುದಿಲ್ಲ, ಒಂದು ತೊಂದರೆ ಎರಡಾಗುತ್ತದೆ. ಥ್ರೆಡ್ ಹಾಳಾದರೆ ಹೊಸ ಥ್ರೆಡ್ ಕೊಡುವ ಹೆಲಿಕಾಯಿಲ್ ಥರದ ತಂತಿ ಸುರುಳಿ ಹಾಕಿಸಿ. ಅಲ್ಯೂಮಿನಿಯಂ ಹೆಡ್ಡಿನಲ್ಲಿ ಅದು ಮೊದಲಿದ್ದ ಥ್ರೆಡ್ಡಿಗಿಂತ ಗಟ್ಟಿ.

ಸ್ಟಡ್ ಬಿಚ್ಚಿದ ಕೂಡಲೇ ತೂತಿನಿಂದ ನೀರು ಬಂತು. ಹೆಡ್ ಹೋಯಿತೇ?

ಗಾಬರಿ ಬೇಡ. ಕೆಲವು ಇಂಜಿನ್‌ಗಳಲ್ಲಿ ಸ್ಟಡ್ಡಿನ ತೂತು ನೀರಿನ ಜಾಕೆಟ್ಟಿಗೆ ಪೂರ್ತಿ ತೂರಿಕೊಂಡೇ ಇರುತ್ತದೆ. ಅದಕ್ಕೇ ಕೆಲಸ ಶುರು ಮಾಡುವ ಮೊದಲು ಕೂಲೆಂಟ್ ಇಳಿಸಿಕೊಳ್ಳುವುದು ಜಾಣತನ. ಹೊಸ ಸ್ಟಡ್ಡಿನ ಹೆಡ್ ಕಡೆಯ ಥ್ರೆಡ್ಡಿಗೆ ನೀರು ತಡೆಯುವ ಥ್ರೆಡ್ ಸೀಲರ್ ಹಚ್ಚಿ ಕೂರಿಸಿ, ಅದು ಒಣಗಲು ಹೇಳಿದಷ್ಟು ಹೊತ್ತು ಬಿಟ್ಟು ಆಮೇಲೆ ಕೂಲೆಂಟ್ ತುಂಬಿ.

ಬಿಚ್ಚಿದ ಹಳೆ ನಟ್ ಚೆನ್ನಾಗೇ ಇದೆ. ಮತ್ತೆ ಹಾಕಬಹುದಾ?

ಹಿತ್ತಾಳೆ ನಟ್ ಆದರೆ, ಮೂಲೆಗಳು ಸವೆದಿಲ್ಲ, ಥ್ರೆಡ್ ಶುಚಿಯಾಗಿದೆ ಅಂದರೆ ಹಾಕಿ. ಒತ್ತಿದ ಲೋಹದ ಲಾಕ್ ನಟ್ ಒಮ್ಮೆ ಬಿಚ್ಚಿದ ಮೇಲೆ ಅಮುಕುವ ಬಲ ಕಳೆದುಕೊಂಡಿರಬಹುದು. ಸ್ಟಡ್ ಮೇಲೆ ಬೆರಳಲ್ಲೇ ಕೊನೆಯವರೆಗೆ ತಿರುಗಿದರೆ ಅದನ್ನು ಬದಿಗಿಟ್ಟು ಹೊಸದು ಹಾಕಿ. ಸ್ಟಡ್ಡಿನ ಪಕ್ಕ ಒಂದು ಹೊಸ ಸ್ಟಡ್ ಇಟ್ಟು ಉದ್ದ ಹೋಲಿಸಿ ನೋಡಿ. ಉದ್ದ ಜಾಸ್ತಿ ಕಂಡರೆ, ಅಥವಾ ನಡುವೆ ಸೊಂಟ ಸಣ್ಣಗಾಗಿದ್ದರೆ ಅದು ಮಿತಿ ಮೀರಿ ಎಳೆದುಹೋಗಿದೆ. ಅಂಥದ್ದರ ಮೇಲೆ 20 ನ್ಯೂಟನ್ ಮೀಟರ್ ಕೂಡ ಹಾಕಬೇಡಿ, ಬದಲಿಸಿ.